ಹಡಗು ಹೊರಡಿಸಿದವನು

ಸೆಪ್ಟೆಂಬರ್ 4, ಗುರುವಾರ

ಸಿಕ್ಕಿಬಿದ್ದ.

ಒಂಬತ್ತು ವರ್ಷದಿಂದ ಹಲ್ಲು ಕಚ್ಚಿಕೊಂಡು ಕಾದಿದ್ದೆ. ಇವತ್ತು ತಾನಾಗಿಯೇ ಬಂದು ನನ್ನ ಕೈಗೆ ಬಿದ್ದ.

ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದಾಗ ಬೋಯೆತ್ ಓಡಿಬಂದ. ವಿಶ್ವವಿದ್ಯಾಲಯದ ಆಪ್ತಸಲಹೆಯ ಕಚೇರಿಯಲ್ಲಿ ಇರುವವರು ನಾವಿಬ್ಬರೇ. ನಾನು ಹಿರಿಯಳು, ಅವನು ಬಾಯಾಳಿ.

"ಮ್ಯಾಮ್ ನೆಲ್ಡಾ, ಊಟ ಆಮೇಲೆ ಮಾಡಿ. ಹಡಗು ವಿಭಾಗದಲ್ಲಿ ಒಂದು ಹುಡುಗಿ ಕ್ಲಾಸಲ್ಲೇ ಬಿದ್ದುಬಿಟ್ಟಿದಾಳೆ. ಕ್ಯಾಪ್ಟನ್ ಸೊಬ್ರೆವೆಗಾ ಅವ್ರ ಕ್ಲಾಸು."

ಆ ಹೆಸರು ಕೇಳಿದ ಮೇಲೆ ನಡೆದೆನೋ ಓಡಿದೆನೋ ತಿಳಿಯದು.

ಆದದ್ದು ಇಷ್ಟು. ಕಡಲ ಸುರಕ್ಷತೆಯ ಪಾಠ. ಮೊದಲೇ ಒಂದು ಮಾತು ಹೇಳದೆ ಅವನು 'ದೋನ್ಯಾ ಫೆಲಿಸಿತಾಸ್' ಹಡಗು ಮುಳುಗುವ ವಿಡಿಯೊ ಹಾಕಿದ್ದಾನೆ. ಯಾರೋ ಮೀನುಗಾರ ದೋಣಿಯಿಂದ ಮೊಬೈಲಿನಲ್ಲಿ ತೆಗೆದದ್ದು, ಜನರ ಕೂಗು ಸಮೇತ. ಮುಗಿದ ಮೇಲೆ ದೀಪ ಹಾಕಿ, "ತಪ್ಪು ಯಾರದು? ಚರ್ಚೆ ಮಾಡಿ" ಎಂದಿದ್ದಾನೆ. ಜೋಮಾರ್ ಎಂಬ ಹುಡುಗ ಎದ್ದು, "ಸೆಕೆಂಡ್ ಮೇಟ್ ಕುಡಿದು ಟೈಟಾಗಿದ್ನಂತೆ ಸರ್, ಊರಿಗೆಲ್ಲಾ ಗೊತ್ತು" ಎಂದ. ಕ್ಲಾಸು ನಕ್ಕಿತು. ಹಡಗಿನ ಅಧಿಕಾರಿಯಾಗಿದ್ದು ಅದರ ಜೊತೆಗೇ ಮುಳುಗಿದ ಆ ಸೆಕೆಂಡ್ ಮೇಟ್‌ನ ಮಗಳು ಜೆಸಾಮೇ ಪಾಗುನ್ಸಾನ್ ಅಲ್ಲೇ ಕೂತಿದ್ದಳು. ಎದ್ದಳು. ಬಾಗಿಲಿನ ತನಕ ಹೋಗುವಷ್ಟರಲ್ಲಿ ಬಿದ್ದಳು.

"ಆಗ ಕ್ಯಾಪ್ಟನ್ ಏನಂದ್ರು?" ಎಂದು ಹುಡುಗರನ್ನು ಕೇಳಿದೆ.

"ಏನೂ ಅನ್ಲಿಲ್ಲ ಮ್ಯಾಮ್. ಬೋರ್ಡ್ ಕಡೆ ತಿರುಗಿ ನಿಂತ್ರು."

ತಿರುಗದೆ ಏನು ಮಾಡುತ್ತಾನೆ? ಗಾಳಿಯ ಎಚ್ಚರಿಕೆ ಬಂದ ಮೇಲೂ ಸಾನ್ ಎಲಿಯಾಸ್ ಬಂದರಿನಿಂದ ಆ ಹಡಗು ಹೊರಡಲಿ ಎಂದು ಸಹಿ ಹಾಕಿದ ಅಧಿಕಾರಿ ಅವನೇ. ವಿಚಾರಣೆಯ ದಿನ ಸತ್ತವರ ಮನೆಯವರನ್ನೆಲ್ಲ ಹಿಂದಿನ ಬೆಂಚುಗಳಲ್ಲಿ ಕೂರಿಸಿದ್ದರು. ಅವನ ಹೆಸರನ್ನು ಒಂದೇ ಸಲ ಓದಿದರು. ಟೋಪಿ ಕಂಕುಳಲ್ಲಿಟ್ಟುಕೊಂಡು ಎದ್ದ, ಕೂತ. ಅಷ್ಟೇ. ತಪ್ಪೆಲ್ಲ ಸತ್ತ ನಾವಿಕರ ತಲೆಗೆ ಹೋಯಿತು. ಅವನಿಗೆ ನಿವೃತ್ತಿ, ಆಮೇಲೆ ನಮ್ಮಲ್ಲಿ ಪಾಠ ಹೇಳುವ ಕೆಲಸ. ಎರಡು ವರ್ಷದಿಂದ ನಾನು ಉಣ್ಣುವ ಕ್ಯಾಂಟೀನಿನಲ್ಲೇ ಬಾಚೋಯ್ ಸೂಪು ಕುಡಿಯುತ್ತಾನೆ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ.

ನನ್ನ ತಂಗಿ ಗಿಂಗ್‌ಗಿಂಗ್ ಆ ಹಡಗಿನಲ್ಲಿದ್ದಳು. ದೇಹವೂ ಸಿಗಲಿಲ್ಲ.

ಸಂಜೆ ಡೀನ್ ಪಲ್ಮಾರೆಸ್ ಕರೆದರು. ವಿದ್ಯಾರ್ಥಿಗಳನ್ನು ಕೂರಿಸಿ ಮಾತಾಡಿಸಬೇಕು, ಅಧ್ಯಾಪಕರನ್ನು ಬೇರೆಯಾಗಿ ಮಾತಾಡಿಸಬೇಕು, ಕೊನೆಗೆ ಅವನು ಮುಂದುವರಿಯಬೇಕೋ ಬೇಡವೋ ಎಂದು ನಾನು ಹೇಳಬೇಕು.

"ನೆಲ್ಡಾ, ನೀವೇ ಸರಿ. ನಿಮಗೆ ತಾಳ್ಮೆ ಜಾಸ್ತಿ," ಎಂದರು.

ನನ್ನ ತಾಳ್ಮೆ ಎಷ್ಟೆಂದು ಅವರಿಗೇನು ಗೊತ್ತು!

ಸೆಪ್ಟೆಂಬರ್ 5, ಶುಕ್ರವಾರ

ವಿದ್ಯಾರ್ಥಿಗಳನ್ನು ದುಂಡಗೆ ಕೂರಿಸಿದೆ. ಯಾವಾಗಲೂ ಹೇಳುವುದನ್ನು ಹೇಳಿದೆ. "ಮಾತಾಡ್ಲೇಬೇಕು ಅಂತೇನಿಲ್ಲ. ಎದ್ದು ಹೊರಗೆ ಹೋಗ್ಬೇಕು ಅನ್ಸಿದ್ರೆ ಹೋಗಿ, ಯಾರೂ ಏನೂ ಅಂದ್ಕೊಳ್ಳಲ್ಲ. ಬೋಯೆತ್ ಹೊರಗಡೆ ಇರ್ತಾರೆ."

ಒಬ್ಬಳಿಗೆ ರಾತ್ರಿಯೆಲ್ಲ ಆ ಕೂಗು ಕಿವಿಯಲ್ಲಿತ್ತಂತೆ; ಅವಳ ಚಿಕ್ಕಪ್ಪ ಈಗಲೂ ಹಡಗಿನಲ್ಲಿದ್ದಾನೆ. ಜೋಮಾರ್ ಆರಡಿ ಆಳು, ಮಗುವಿನ ಹಾಗೆ ಬಿಕ್ಕಿದ. "ನಂಗೆ ಗೊತ್ತಿರ್ಲಿಲ್ಲ ಮ್ಯಾಮ್. ಸುಮ್ನೆ ಬಾಯಿಗೆ ಬಂತು. ಕ್ಯಾಪ್ಟನ್ ಆದ್ರೂ 'ಬಾಯ್ಮುಚ್ಚೋ' ಅನ್ಬಹುದಿತ್ತು."

ಆ ಕೊನೆಯ ಮಾತನ್ನು ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡೆ. ನಿಜ ಹೇಳಬೇಕೆಂದರೆ ಎರಡು ಗಂಟೆಯೂ ನನ್ನ ಬಾಯಿ ತನ್ನ ಪಾಡಿಗೆ ಸಮಾಧಾನ ಹೇಳುತ್ತಿತ್ತು. ತಲೆ ಮಾತ್ರ, ಯಾರ ಮಾತು ಸೊಬ್ರೆವೆಗಾನಿಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ತೂಗುತ್ತಿತ್ತು.

ಜೆಸಾಮೇ ಬರಲಿಲ್ಲ. ಅವಳೇ ಬೇಕಾಗಿರುವುದು.

ಸೆಪ್ಟೆಂಬರ್ 9, ಮಂಗಳವಾರ

ಅಧ್ಯಾಪಕರ ಸರದಿ. ಎದುರಿಗೆ ಕೂತಿದ್ದ. ಹತ್ತಿರದಿಂದ ನೋಡಿದರೆ ಮುದುಕ. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಶಾಲೆಯ ಹುಡುಗನ ಹಾಗೆ.

ನಮ್ಮ ಇಲೊಯಿಲೊ ಊರಿನವರು ಬೈದರೂ ಮಗು ತೂಗಿದ ಹಾಗಿರುತ್ತದೆ ಎಂದು ಬೇರೆ ಊರಿನವರು ನಮ್ಮನ್ನು ಆಡಿಕೊಳ್ಳುತ್ತಾರೆ. ಇವತ್ತು ಆ ಇಂಪೇ ನನಗೆ ಚೂರಿ.

"ನಿಮಗೆ ಹೇಗನ್ನಿಸ್ತಿದೆ ಕ್ಯಾಪ್ಟನ್?"

"ಆ ಹುಡುಗಿ ಹೇಗಿದಾಳೆ ಮ್ಯಾಮ್?"

"ನಾನು ಕೇಳಿದ್ದು ನಿಮ್ಮ ವಿಷಯ."

"ನನ್ನ ವಿಷಯ ಹೇಳೋಕೆ ಏನಿದೆ? ನಾನೊಂದ್ಸಲ ಅವಳನ್ನ ನೋಡಬಹುದಾ?"

"ಈಗ ಆಗಲ್ಲ," ಎಂದೆ. ಎಷ್ಟು ಸಿಹಿಯಾಗಿ ಅಂದೆ ಎಂದರೆ ಪಕ್ಕದ ಅಧ್ಯಾಪಕಿ ನನ್ನನ್ನು ನೋಡಿ ಮುಗುಳ್ನಕ್ಕಳು.

ಸೆಪ್ಟೆಂಬರ್ 16, ಮಂಗಳವಾರ

ಜೆಸಾಮೇ ಬಂದಳು. ಸಣ್ಣ ಆಳು, ದೊಡ್ಡ ಚೀಲ. ಚೀಲವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ದೂರು ಕೊಡು ಎಂದೆ.

"ಬೇಡ ಮ್ಯಾಮ್. ಕೋರ್ಸು ಮುಗಿಸ್ಬೇಕು ನಂಗೆ."

"ಅವ್ರು ನಿನ್ನೆದುರೇ ಸುಮ್ಮನಿದ್ರಲ್ಲ, ಸಿಟ್ಟು ಬರಲ್ವಾ?"

"ಎಲ್ರೂ ಸುಮ್ನಿರ್ತಾರೆ ಮ್ಯಾಮ್. ರೂಢಿಯಾಗಿದೆ."

ಇವಳನ್ನು ಹೀಗೇ ಬಿಟ್ಟರೆ ಅವನು ಒಂದು ಎಚ್ಚರಿಕೆಯ ಮಾತಿನಲ್ಲಿ ಪಾರಾಗುತ್ತಾನೆ. ಹೇಳಿಬಿಟ್ಟೆ. ಆ ದಿನ ಹಡಗು ಹೊರಡಿಸಿದ ಅಧಿಕಾರಿ ಯಾರು, ನಿಮ್ಮ ಅಪ್ಪನ ಹೆಸರಿಗೆ ಮಸಿ ಬಳಿದಾಗ ಬೋರ್ಡಿನ ಕಡೆ ತಿರುಗಿ ನಿಂತದ್ದು ಯಾರು, ಎಲ್ಲ.

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಚೀಲ ಎತ್ತಿಕೊಂಡು ಹೋದಳು.

ಅವಳಿಗೆ ತಿಳಿಯಲೇಬೇಕಿತ್ತು.

ಸೆಪ್ಟೆಂಬರ್ 18, ಗುರುವಾರ

ಬಂದಿಲ್ಲ.

ಸೆಪ್ಟೆಂಬರ್ 25, ಗುರುವಾರ

ಜೆಸಾಮೇ ಕ್ಲಾಸಿಗೂ ಹೋಗುತ್ತಿಲ್ಲವೆಂದು ಜೋಮಾರ್ ಬಂದು ಹೇಳಿದ. "ಅವಳ ರೂಮಿನ ಹತ್ರ ಹೋಗಿದ್ದೆ ಮ್ಯಾಮ್, ಬಾಗಿಲು ತೆಗೀಲಿಲ್ಲ. ಬ್ರೆಡ್ಡು ಹೊರಗಿಟ್ಟು ಬಂದೆ."

ಸಂಜೆ ನಾನೇ ಹೋದೆ. ಜಾರೋ ಬಡಾವಣೆಯಲ್ಲಿ ಒಂದು ಮಹಡಿಯ ಮೇಲೆ ನಾಲ್ಕು ಹುಡುಗಿಯರು ಹಂಚಿಕೊಂಡ ಕೋಣೆ. ಜ್ವರ. ಏನೂ ತಿಂದಿಲ್ಲ. ಶುಂಠಿ ಹಾಕಿದ ಕೋಳಿಗಂಜಿ ಮಾಡಿಕೊಂಡು ಹೋಗಿದ್ದೆ. ಸಾಕ್ಷಿ ಹೇಳಬೇಕಾದವಳೇ ಹಾಸಿಗೆ ಹಿಡಿದರೆ ನನ್ನ ಕೆಲಸ ಕೆಡುತ್ತದೆ. ಅರ್ಧ ಬಟ್ಟಲು ಕುಡಿದಳು. ಒದ್ದೆ ಬಟ್ಟೆ ಹಣೆಗಿಟ್ಟು ಕೂತೆ.

"ಹೋಗಿ ಮಾನಾಂಗ್, ನಿಮಗೆ ಜೀಪ್ನಿ ಸಿಗಲ್ಲ ಆಮೇಲೆ," ಎಂದಳು.

ಮೀನು ಮಾರುವವಳೂ ಜೀಪ್ನಿಯವನೂ ನನ್ನನ್ನು ಮಾನಾಂಗ್ ಎಂದೇ ಕರೆಯುತ್ತಾರೆ. ನಮ್ಮ ಕಡೆ ಯಾವ ಹೆಂಗಸೂ ಯಾರಿಗಾದರೂ ಅಕ್ಕನೇ. ಆದರೂ ಜ್ವರದ ಬಾಯಲ್ಲಿ ಆ ಮಾತು ಕೇಳಿ ಬಹಳ ದಿನವಾಗಿತ್ತು.

ನಾಳೆಯೂ ಹೋಗುತ್ತೇನೆ. ಅವಳು ಬೇಗ ಏಳಬೇಕು. ಡೀನ್ ಅವಸರ ಮಾಡುತ್ತಿದ್ದಾರೆ.

ಅಕ್ಟೋಬರ್ 6, ಸೋಮವಾರ

ಇವತ್ತು ಮೈಯೆಲ್ಲ ಉರಿಯುತ್ತಿದೆ.

ಜೆಸಾಮೇ ಈಗ ವಾರಕ್ಕೆ ಎರಡು ಸಲ ಬರುತ್ತಾಳೆ. ಆ ಕ್ಲಾಸಿನಲ್ಲಿ ಅವನು ಹೇಗೆ ನಿಂತಿದ್ದ, ನಿನ್ನ ಕಡೆ ನೋಡಿದನೋ ಇಲ್ಲವೋ ಎಂದು ಮತ್ತೆ ಕೇಳಿದೆ. ಪ್ರತಿ ಸಲವೂ ಒಂದೇ ತೆರನಾಗಿ ಹೇಳಿದರೆ ಸಾಕ್ಷಿ ಗಟ್ಟಿಯಾಗಿ ನಿಲ್ಲುತ್ತದೆ. ಅವಳು ಚೀಲವನ್ನು ನೆಲಕ್ಕಿಟ್ಟಳು.

"ಮಾನಾಂಗ್, ಒಂದು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಹೇಳು."

"ನೀವು ಒಂದ್ಸಲನೂ ನಮ್ಮಪ್ಪನ ಬಗ್ಗೆ ಕೇಳ್ಲಿಲ್ಲ. ಯಾವಾಗ ಬಂದ್ರೂ ಅವ್ರ ಬಗ್ಗೆನೇ ಕೇಳ್ತೀರಿ. ನಾನು ಅಳೋಕೆ ಅಂತ ಬಂದೆ. ನನ್ನ ಅಳು ತಗೊಂಡು ನೀವು ಏನೋ ಮಾಡ್ತಿದೀರಿ."

ಹೊರಟುಹೋದಳು. ಕೊಬ್ಬು! ಗಂಜಿ ಕಾಯಿಸಿ ಹೊತ್ತುಕೊಂಡು ಹೋದದ್ದು ಯಾರಿಗೆ? ಅವಳಿಗಾಗಿಯಲ್ಲದೆ ಇನ್ಯಾರಿಗಾಗಿ ನಾನು ಇಷ್ಟೆಲ್ಲ…

ಅಕ್ಟೋಬರ್ 7, ಮಂಗಳವಾರ

ಯೋಚಿಸಿ ನೋಡಿದೆ. ಅಪ್ಪ ಎಂಥವನೆಂದು ತಿಳಿದರೆ ಕುಡುಕನೆಂಬ ಸುಳ್ಳು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಆ ದೃಷ್ಟಿಯಿಂದ ಅವಳು ಹೇಳಿದ್ದು ಉಪಯೋಗದ ಮಾತೇ. ನಾನೇ ಅವಳ ಕ್ಲಾಸಿನ ಹೊರಗೆ ಕಾದು, ಕ್ಯಾಂಟೀನಿಗೆ ಕರೆದುಕೊಂಡು ಹೋದೆ.

"ನಿಮ್ಮಪ್ಪ ಹೇಗಿದ್ರು?"

ಮೊದಲು ನಂಬಲಿಲ್ಲ. ಆಮೇಲೆ ಶುರುವಾಯಿತು. ಎಲ್ಪಿಡಿಯೊ ಪಾಗುನ್ಸಾನ್. ಅಲೆಗೆ ಹೆದರದ ಗಂಡಸು ಹಲ್ಲಿಗೆ ಹೆದರಿ ಕುರ್ಚಿ ಹತ್ತುತ್ತಿದ್ದನಂತೆ. ಹೆಂಡತಿ ಬಸುರಿಯಾಗಿದ್ದಾಗ ಚರ್ಚಿನಲ್ಲಿ ಹರಕೆ ಹೊತ್ತು ಕುಡಿತ ಬಿಟ್ಟವನು ಆಮೇಲೆ ಮುಟ್ಟಲಿಲ್ಲ. ರಜೆಗೆ ಬಂದಾಗ ಮಗಳ ತಲೆ ತಾನೇ ಬಾಚುತ್ತಿದ್ದ.

"ಜಡೆ ಹಾಕೋಕೆ ಬರ್ತಿರ್ಲಿಲ್ಲ ಮಾನಾಂಗ್. ಹಡಗಿನ ಹಗ್ಗದ ಗಂಟು ಹಾಕ್ಬಿಡ್ತಿದ್ರು. ಅಮ್ಮನಿಗೆ ಬಿಚ್ಚೋಕೆ ಬರ್ತಿರ್ಲಿಲ್ಲ. ಹಾಗೇ ಸ್ಕೂಲಿಗೆ ಹೋಗ್ತಿದ್ದೆ. ಟೀಚರ್ ಕೇಳಿದ್ರೆ, ಮಿಸ್, ಇದು ಬಿರುಗಾಳಿಗೂ ಬಿಚ್ಚಲ್ಲ ಅಂತಿದ್ದೆ."

ನಾನು ನಕ್ಕೆ. ಅವಳು ನನಗಿಂತ ಜೋರಾಗಿ ನಕ್ಕಳು, ನಗುತ್ತ ಅತ್ತಳು. ಪಕ್ಕದ ಮೇಜಿನವರು ನೋಡುತ್ತಿದ್ದರು, ನೋಡಲಿ. ಸೂಪು ಆರಿಹೋಯಿತು. ಇನ್ನೊಂದು ಬಟ್ಟಲು ತರಿಸಿದೆ.

ಏಳುವಾಗ ಅಂದಳು: "ನಂಗೆ ಕ್ಯಾಪ್ಟನ್ ಅವ್ರನ್ನ ಒಂದು ಕೇಳ್ಬೇಕು. ಬೇರೆ ಯಾರ ಮುಂದೆನೂ ಅಲ್ಲ, ಎದುರಿಗೆ ಕೂತು."

ನೋಡೋಣ ಎಂದೆ. ಅವಳು ಹೋದ ಮೇಲೆ ನೆನಪಾಯಿತು, ಅವನ ವಿಷಯ ಕೇಳುವುದೇ ಮರೆತುಬಿಟ್ಟಿದ್ದೆ.

ಅಕ್ಟೋಬರ್ 14, ಮಂಗಳವಾರ

ಬೋಯೆತ್ ಇವತ್ತು ಬಾಗಿಲು ಹಾಕಿಕೊಂಡು ಕೂತ. "ಮ್ಯಾಮ್, ಕ್ಯಾಪ್ಟನ್ ಮತ್ತೆ ಕೇಳಿದ್ರು, ಆ ಹುಡುಗಿನ ನೋಡ್ಬೇಕು ಅಂತ. ಹುಡುಗಿನೂ ಕೇಳ್ತಿದಾಳೆ. ಇಬ್ಬರ ಮಧ್ಯೆ ಗೇಟ್ ಹಾಕ್ಕೊಂಡು ಕೂತಿರೋರು ನೀವೊಬ್ಬರೇ."

"ಅವಳಿಗೆ ಇನ್ನೂ ಶಕ್ತಿ ಬಂದಿಲ್ಲ."

"ಅವಳಿಗೆ ಬಂದಿದೆ. ನಿಮಗೇ ಬಂದಿಲ್ಲ ಅನ್ಸುತ್ತೆ."

ಅಧಿಕಪ್ರಸಂಗಿ. ಆದರೆ ಒಂದಿದೆ: ಸೊಬ್ರೆವೆಗಾ ತನ್ನ ಬಾಯಿಂದಲೇ ಒಪ್ಪಿಕೊಂಡರೆ ಆಮೇಲೆ ಜಾರಿಕೊಳ್ಳಲಾರ. ಬರಲಿ. ನಾನೂ ಜೊತೆಗಿರುತ್ತೇನೆ.

ಅಕ್ಟೋಬರ್ 23, ಗುರುವಾರ

ನನ್ನ ಕೋಣೆಯಲ್ಲಿ ಮೂರು ಕುರ್ಚಿ. ಜೆಸಾಮೇಯನ್ನು ಬಾಗಿಲ ಬಳಿ ಕೂರಿಸಿದೆ, ಬೇಕೆಂದಾಗ ಎದ್ದು ಹೋಗಲಿ ಎಂದು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಪೂಜೆಗೆ ಬಂದವನ ಹಾಗೆ. ಆ ಅಂಗಿ ನೋಡಿಯೇ ನನಗೆ ಹರಿದುಹಾಕುವಷ್ಟು ರೋಷ ಬಂತು.

ಅವಳು ಸುತ್ತಿ ಬಳಸಲಿಲ್ಲ.

"ನಮ್ಮಪ್ಪ ಕುಡಿದಿದ್ರಾ ಸರ್?"

"ಇಲ್ಲ ಇಂದಾಯ್," ಎಂದ. ಮನೆಯ ಮಗಳನ್ನು ಕರೆಯುವ ಹಾಗೆ ಕರೆದ. ನಾನು ಹಲ್ಲು ಕಡಿದೆ. "ಆ ದಿನ ಬೆಳಿಗ್ಗೆ ನಿಮ್ಮಪ್ಪ ನನ್ನ ಮೇಜಿನ ಮುಂದೆ ನಿಂತಿದ್ರು. ಸರಕು ಸರಿಯಾಗಿ ಕಟ್ಟಿಲ್ಲ ಸರ್, ಗಾಳಿ ಏಳ್ತಿದೆ, ಇವತ್ತು ಬಿಡಬೇಡಿ ಅಂದ್ರು. ನಾನು ಆಗ್ಲಿ ಅಂದೆ. ಅವರು ಆಚೆ ಹೋದ್ರು, ಹಡಗಿನ ಮಾಲೀಕರ ಫೋನು ಬಂತು. ಹಬ್ಬದ ಜನ ಕಾಯ್ತಿದಾರೆ, ಏನಾಗಲ್ಲ ಬಿಡಿ ಅಂದ್ರು. ಸಹಿ ಹಾಕ್ದೆ. ನಿಮ್ಮಪ್ಪ ಓಡಿ ವಾಪಸ್ ಬಂದ್ರು. ಬೇಕಾದ್ರೆ ನೀನು ಇಲ್ಲೇ ಉಳ್ಕೋ ಅಂದೆ."

"ಉಳ್ಕೋಬಹುದಿತ್ತಾ?"

"ಉಳ್ಕೋಬಹುದಿತ್ತು. ಜನ ಹತ್ತಿ ಆಗಿದೆ ಸರ್, ಅವರನ್ನ ಬಿಟ್ಟು ನಾನು ಹೇಗಿರ್ಲಿ ಅಂದ್ರು. ಹೋಗಿ ಹತ್ತಿದ್ರು."

ಜನ ಹತ್ತಿ ಆಗಿತ್ತು. ಆ ಜನದಲ್ಲಿ ಒಬ್ಬಳು ಕೆಂಪು ಹೂವಿನ ಕೊಡೆ ಹಿಡಿದುಕೊಂಡು ಹತ್ತಿದ್ದಳು. ನಾನು ಮೇಜಿನ ಅಂಚು ಹಿಡಿದುಕೊಂಡೆ.

"ವಿಚಾರಣೆಲಿ ಯಾಕೆ ಹೇಳ್ಲಿಲ್ಲ?" ಎಂದು ಅವಳು ಕೇಳಿದಳು.

"ಯಾರೂ ಕೇಳ್ಲಿಲ್ಲ. ಕೇಳದೇ ಇದ್ದಿದ್ದು ನಂಗೆ ಅನುಕೂಲ ಆಯ್ತು. ಕ್ಲಾಸಲ್ಲಿ ಆ ವಿಡಿಯೊ ತೋರಿಸೋದು… ಹಡಗು ಬಿಟ್ಟವ್ರು ಯಾರು ಅಂತ ಒಬ್ಬರಾದ್ರೂ ಕೇಳ್ತಾರೇನೋ ಅಂತ ಕಾಯ್ತೀನಿ."

ಹೇಡಿಯ ಪ್ರಾಯಶ್ಚಿತ್ತ! ಬೆಂಕಿ ಹಚ್ಚಿದವನು ನೀರು ಹೊತ್ತು ತರಲು ಬೇರೆಯವರ ಮಕ್ಕಳನ್ನು ಕಾಯುವುದು.

ಜೆಸಾಮೇ ಕುರ್ಚಿಯನ್ನು ಅವನ ಕಡೆಗೆ ಎಳೆದುಕೊಂಡಳು. "ಇದನ್ನ ಕ್ಲಾಸಲ್ಲಿ ಹೇಳಿ ಸರ್. ಅದೇ ಕ್ಲಾಸಲ್ಲಿ, ಅವರೆಲ್ಲರ ಮುಂದೆ. ಆಮೇಲೆ ವಿಚಾರಣೆಯವರ ಹತ್ರ ಹೋಗಿ ಹೇಳಿ. ಅಷ್ಟೇ ನಂಗೆ ಬೇಕಾಗಿರೋದು."

ಅವನು ತಲೆಯಾಡಿಸಿದ. ಏಳಲು ಹೋದವನಿಗೆ ಏಳಲಾಗಲಿಲ್ಲ, ಮುಖ ಬೂದಿಯಾಗಿತ್ತು. ನೀರು ತಂದುಕೊಟ್ಟೆ. ಪ್ರಜ್ಞೆ ತಪ್ಪಿದವನಿಂದ ಏನು ಹೇಳಿಸುವುದು?

ನಾನೂ ಒಂದು ಪ್ರಶ್ನೆ ಇಟ್ಟುಕೊಂಡು ಕೂತಿದ್ದೆ. ಒಂಬತ್ತು ವರ್ಷ ಮಸೆದ ಪ್ರಶ್ನೆ. ಇವತ್ತು ಅವಳ ದಿನ, ಮಧ್ಯೆ ಬಾಯಿ ಹಾಕಲಿಲ್ಲ. ನನ್ನ ಸರದಿ ಬರುತ್ತದೆ.

ನವೆಂಬರ್ 2, ಭಾನುವಾರ

ಸತ್ತವರ ದಿನ. ಪ್ರತಿ ವರ್ಷ ಗಿಂಗ್‌ಗಿಂಗಳಿಗೆ ಮೇಣದಬತ್ತಿ ಹಚ್ಚಲು ಗೋರಿಯಿಲ್ಲದೆ ಮನೆಯೊಳಗೇ ಬಾಗಿಲು ಹಾಕಿಕೊಂಡಿರುತ್ತಿದ್ದೆ. ಈ ಸಲ ಜೆಸಾಮೇ, ತಾನೂ ಅಮ್ಮನೂ ಮೇಣದಬತ್ತಿ ಹಚ್ಚುವ ಕಡಲ ದಂಡೆಯ ಗೋಡೆಗೆ ಬರಲು ಹೇಳಿದ್ದಳು. ಕೆಲಸದ ಸಂಬಂಧವಾಗಿ ಹೋದೆ.

ಗಾಳಿಗೆ ಮೇಣದಬತ್ತಿ ಆರುತ್ತಲೇ ಇತ್ತು. ಅವಳ ಅಮ್ಮ ತನ್ನ ಶಾಲು ಅಗಲಿಸಿ ಹಿಡಿದು ಅಡ್ಡ ನಿಂತಳು. "ನೀವೂ ಒಂದು ಹಚ್ಚಿ ಮ್ಯಾಮ್, ಯಾರಿಗಾದ್ರೂ," ಎಂದಳು. ಹಚ್ಚಿದೆ. ಯಾರಿಗೆಂದು ಅವಳು ಕೇಳಲಿಲ್ಲ. ನಾನೇ ಹೇಳಿದೆ.

ನವೆಂಬರ್ 6, ಗುರುವಾರ

ಹೇಳಿದ. ಅದೇ ಕ್ಲಾಸಿನಲ್ಲಿ, ಬೋರ್ಡಿಗೆ ಬೆನ್ನು ಹಾಕಿ.

ಈ ಸಲ ಮಕ್ಕಳಿಗೆ ಮೊದಲೇ ತಿಳಿಸಿದ್ದೆ: ಇಂಥ ವಿಷಯ ಬರುತ್ತದೆ, ಬೇಡವೆನ್ನುವವರು ಬರಬೇಕಾಗಿಲ್ಲ. ಎಲ್ಲರೂ ಬಂದಿದ್ದರು. ಬೋಯೆತ್ ಬಾಗಿಲಲ್ಲಿ, ನಾನು ಹಿಂದಿನ ಸಾಲಿನಲ್ಲಿ.

"ನಾನು ಕೇಳಿದ ಪ್ರಶ್ನೆಗೆ ಉತ್ತರ ನಾನೇ ಹೇಳ್ತೀನಿ. ಸೆಕೆಂಡ್ ಮೇಟ್ ಪಾಗುನ್ಸಾನ್ ಹಡಗು ನಿಲ್ಲಿಸೋಕೆ ನೋಡಿದ್ರು. ಹೊರಡಿಸಿದ್ದು ನಾನು."

ಆಮೇಲೆ ಜೋಮಾರ್ ಎದ್ದ. ಹೊಡೆಯುತ್ತಾನೇನೋ ಅಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. ಅವನು ಜೆಸಾಮೇಯ ಕಡೆ ತಿರುಗಿ, "ಸಾರಿ ಕಣೇ," ಎಂದ. ಆಮೇಲೆ ಒಬ್ಬ ಹುಡುಗಿ ಕಿರುಚಿದಳು: "ಇಷ್ಟು ವರ್ಷ ಹೇಗೆ ನಿದ್ದೆ ಮಾಡಿದ್ರಿ ಸರ್ ನೀವು?" ಅವರು ಈ ಸಲ ಬೋರ್ಡಿನ ಕಡೆ ತಿರುಗಲಿಲ್ಲ. ನಿಂತೇ ಇದ್ದರು.

ಇದನ್ನು ನೋಡಲೆಂದೇ ನಾನು ಬದುಕಿದ್ದು. ಕಣ್ಣು ತುಂಬ ನೋಡಬೇಕಿತ್ತು. ಆದರೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಮೇಜಿಗೆ ತಲೆಯಿಟ್ಟು ಅಳುತ್ತಿದ್ದಳು, ಅವಳ ಪಕ್ಕ ಹೋಗಿ ಕೂರಬೇಕಾಯಿತು. ಮುಗಿದ ಮೇಲೆ ಸಂಜೆಯವರೆಗೂ ಒಬ್ಬೊಬ್ಬರಾಗಿ ಬರುತ್ತಿದ್ದರು.

ನವೆಂಬರ್ 11, ಮಂಗಳವಾರ

ಡೀನ್ ಮುಂದೆ ಹೋದೆ. ನನ್ನ ಅಭಿಪ್ರಾಯ ಕೇಳುವ ದಿನ. ಏನು ಹೇಳಬೇಕೆಂದು ಬಾಯಿಪಾಠವಾಗಿತ್ತು.

"ನಾನು ಹೇಳ್ಬಾರ್ದು ಡೀನ್. ನನ್ನ ತಂಗಿ ಆ ಹಡಗಿನಲ್ಲಿದ್ಲು. ಬೋಯೆತ್ ಹೇಳ್ಲಿ."

ಡೀನ್ ಕನ್ನಡಕ ತೆಗೆದರು. "ನೆಲ್ಡಾ! ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಈ ಕೆಲಸ ನನಗೆ ಕೊಡ್ತಿರ್ಲಿಲ್ಲ."

ಬೈದರು. ನನ್ನ ಮೇಲೂ ಕ್ರಮವಾಗಬಹುದು ಎಂದರು. ಆಗಲಿ. ಲೆಕ್ಕ ಹಾಕಿಯೇ ಮಾಡಿದ್ದು: ಹಗೆ ಸಾಧಿಸಿದ್ದಾಳೆ ಎಂದು ನಾಳೆ ಕ್ಯಾಪ್ಟನ್ ಮೇಲ್ಮನವಿ ಹಾಕಿದರೆ ಎಲ್ಲ ಬಿದ್ದುಹೋಗುತ್ತದೆ. ಬೋಯೆತ್ ಹೇಳಿದರೆ ನಿಲ್ಲುತ್ತದೆ.

ಮೆಟ್ಟಿಲಿಳಿಯುವಾಗ ಮೈ ಹಗುರಾಗಿತ್ತು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಅದಕ್ಕೇ ಇರಬೇಕು.

ನವೆಂಬರ್ 20, ಗುರುವಾರ

ಮೇಲ್ಮನವಿಯ ಮಾತೇ ಬರಲಿಲ್ಲ. ಬೋಯೆತ್ ಹೇಳುವ ಮೊದಲೇ ಕ್ಯಾಪ್ಟನ್ ರಾಜೀನಾಮೆ ಕೊಟ್ಟರು. ವಿಚಾರಣೆಯವರ ಮುಂದೆ ಹೇಳಿಕೆಯನ್ನೂ ಕೊಟ್ಟು ಬಂದಿದ್ದಾರೆ. ಪ್ರಕರಣ ಮತ್ತೆ ತೆರೆಯುತ್ತದಂತೆ. ಹಡಗಿನ ಮಾಲೀಕರೂ ಬರಬೇಕು, ಇವರಿಗೂ ಜೈಲಾಗಬಹುದು. ಪಾಗುನ್ಸಾನ್ ಹೆಸರು ತೊಳೆದುಹೋಗುತ್ತದೆ. ಜೆಸಾಮೇ ಪರೀಕ್ಷೆಗೆ ಓದುತ್ತಿದ್ದಾಳೆ. ಈ ವಾರ ನನ್ನ ಹತ್ತಿರ ಬರಲಿಲ್ಲ, ಪುರಸೊತ್ತಿಲ್ಲವಂತೆ. ಒಳ್ಳೆಯದೇ.

ಸೆಮಿಸ್ಟರ್ ಮುಗಿಯುವ ತನಕ ಅಧ್ಯಾಪಕರಿಗೂ ನಮ್ಮ ಕಚೇರಿಗೆ ಬರುವ ಹಕ್ಕಿದೆ. ಇವತ್ತು ಕ್ಯಾಪ್ಟನ್ ಬಂದರು. ಬೋಯೆತ್ ಓಡಿಬಂದು ಕಿವಿಯಲ್ಲಿ ಹೇಳಿದ, "ನೀವು ನೋಡ್ಬೇಕಾಗಿಲ್ಲ ಮ್ಯಾಮ್. ಹೊರಗಿನಿಂದ ಯಾರನ್ನಾದ್ರೂ ಕರೆಸ್ತೀನಿ."

"ಒಳಗೆ ಕಳಿಸು," ಎಂದೆ. ನನ್ನೆದುರು ಕೂತು ಒದ್ದಾಡುವುದನ್ನು ನೋಡುವ ಅವಕಾಶ ಬಿಡುತ್ತೇನೆಯೇ?

ಬಾಗಿಲಲ್ಲೇ ನಿಂತರು. "ಡೀನ್ ಹೇಳಿದ್ರು, ನಿಮ್ಮ ತಂಗಿ… ನಾನು ಹೋಗ್ಬಿಡ್ತೀನಿ ಮ್ಯಾಮ್."

"ಕೂತ್ಕೊಳ್ಳಿ."

ಕೂತರು. ಸ್ವಂತ ಮಗಳೇ ಅವರ ಜೊತೆ ಮಾತು ಬಿಟ್ಟಿದ್ದಾಳಂತೆ. ನೆರೆಯವರು ಗೇಟಿಗೆ ಮೀನಿನ ತಲೆ ಎಸೆಯುತ್ತಾರಂತೆ. ಎಸೆಯಲಿ ಅಂದುಕೊಂಡೆ. ಆಮೇಲೆ ಅವರು ತಲೆ ತಗ್ಗಿಸಿಕೊಂಡೇ ಕೇಳಿದರು: "ಅವರ ಹೆಸರು ಕೇಳ್ಬಹುದಾ?"

ಈ ಹೆಸರನ್ನು ಕಲ್ಲಿನ ಹಾಗೆ ಅವರ ಮುಖಕ್ಕೆ ಎಸೆಯಬೇಕೆಂದು ವರ್ಷಗಟ್ಟಲೆ ಅಂದುಕೊಂಡಿದ್ದೆ.

"ಗಿಂಗ್‌ಗಿಂಗ್," ಎಂದೆ. ದಾಖಲೆಯ ಹೆಸರಲ್ಲ, ಮನೆಯ ಹೆಸರೇ ಬಂತು.

"ಹೇಗಿದ್ರು ಅವರು?"

ಬೈಯಲು ಬಾಯಿ ತೆರೆದೆ. ಪಾದ್ರಿಗಳು ಉಪದೇಶ ಹೇಳುವಾಗ ನಗು ತಡೆಯಲಾರದೆ ಅವಳು ನನ್ನ ಭುಜಕ್ಕೆ ಮುಖ ಒತ್ತುತ್ತಿದ್ದಳು, ಅಮ್ಮ ಚಿವುಟುವುದು ಮಾತ್ರ ನನ್ನನ್ನು, ಎಂದು ಹೇಳಿದೆ. ಅವಳು ಹೊಲಿದ ಮದುವೆಯ ಉಡುಪಿನ ತೋಳು ಒಂದು ಉದ್ದ ಒಂದು ಗಿಡ್ಡವಾಗಿ, ಮದುಮಗಳು ಇಡೀ ದಿನ ಹೂಗುಚ್ಛ ಅಡ್ಡ ಹಿಡಿದದ್ದು ಹೇಳಿದೆ. "ಆಮೇಲೆ?" ಎಂದರು. ಆಮೇಲಿನದನ್ನೂ ಹೇಳಿದೆ. ಇಷ್ಟನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಬೋಯೆತ್ ಬಾಗಿಲು ತಟ್ಟಿ ಹೋದ, ಮತ್ತೆ ತಟ್ಟಿದ.

ಹೊರಡುವಾಗ ಅವರು ಗೋಡೆ ಹಿಡಿದುಕೊಂಡು ನಡೆದರು. ರಸ್ತೆಯ ತನಕ ಹೋಗಿ ಜೀಪ್ನಿ ಹತ್ತಿಸಿ ಬಂದೆ. ದಾರಿಯಲ್ಲಿ ಬಿದ್ದು ಸತ್ತರೆ ವಿಚಾರಣೆ ತಪ್ಪಿಸಿಕೊಂಡ ಹಾಗಾಗುತ್ತದೆ.

ಮುಂದಿನ ಗುರುವಾರವೂ ಬರಲು ಹೇಳಿದ್ದೇನೆ. ಅಷ್ಟು ಸುಲಭವಾಗಿ ಅವರನ್ನು ಬಿಡುವವಳಲ್ಲ ನಾನು.